ಬಡವರಿಗೆ ಅವಕಾಶ, ಸಿರಿವಂತರಿಗೆ ತೆರಿಗೆ ವಿನಾಯಿತಿ: ಸೆನೆಟರ್ ಟಿಮ್ ಸ್ಕಾಟ್ ಹಿಡಿದ ದಾರಿ

ಟಿಮ್ ಸ್ಕಾಟ್ ಎಂದರೆ ಹಲವರಿಗೆ ನೆನಪಾಗುವುದು 2023ರ ಅಮೆರಿಕದ ಚುನಾವಣಾ ಗದ್ದಲ. ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಲು ಹೊರಟ ಅವರು ಮೊದಲ ಮತದಾನಕ್ಕೂ ಮುನ್ನವೇ, ಅದೇ ವರ್ಷದ ನವೆಂಬರ್‌ನಲ್ಲಿ, ಕಣದಿಂದ ಸರಿದರು. ಆ ಸ್ಪರ್ಧೆಯನ್ನು ಮರೆತರೂ ನಷ್ಟವಿಲ್ಲ. ಆದರೆ 2017 ಮತ್ತು 2025ರ ಎರಡು ದೊಡ್ಡ ತೆರಿಗೆ ಕಾಯ್ದೆಗಳ ಒಳಗೆ ಅವರು ಬೆಂಬಲಿಸಿ ಸೇರಿಸಿದ ಕೆಲವು ಪುಟಗಳು ಅಮೆರಿಕದ ಬಡ ಬಡಾವಣೆಗಳಿಗೂ ಅಲ್ಲಿನ ಶಾಲೆಗಳಿಗೂ ಹಣ ಹರಿಯುವ ದಾರಿಯನ್ನೇ ಬದಲಿಸಿವೆ. ಒಬ್ಬ ಶಾಸಕ 'ಅವಕಾಶ'ವನ್ನು ಕಾನೂನಿನ ಭಾಷೆಯಲ್ಲಿ ಬರೆಯಲು ಹೊರಟರೆ ಅದು ಎಲ್ಲಿ ಫಲಿಸುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಸ್ಕಾಟ್ ಹುಟ್ಟಿದ್ದು 1965ರಲ್ಲಿ, ಸೌತ್ ಕ್ಯಾರೊಲಿನಾದ ನಾರ್ತ್ ಚಾರ್ಲ್ಸ್‌ಟನ್‌ನಲ್ಲಿ. ತಂದೆತಾಯಿ ಬೇರೆಯಾದ ಮೇಲೆ ತಾಯಿ ಆಸ್ಪತ್ರೆಯಲ್ಲಿ ಶುಶ್ರೂಷಾ ಸಹಾಯಕಿಯಾಗಿ ದುಡಿದು ಮಕ್ಕಳನ್ನು ಸಾಕಿದರು. ತಾತ ಮೂರನೆಯ ತರಗತಿಗೇ ಓದು ಬಿಟ್ಟು ಹತ್ತಿ ಬಿಡಿಸಲು ಹೋದವರು. ಹದಿಹರೆಯದಲ್ಲಿ ಸ್ಕಾಟ್ ಓದಿನಲ್ಲಿ ಹಿಂದೆ ಬಿದ್ದಾಗ ಫಾಸ್ಟ್ ಫುಡ್ ಮಳಿಗೆ ನಡೆಸುತ್ತಿದ್ದ ಒಬ್ಬರು ಕೈಹಿಡಿದು, ಸಂಬಳಕ್ಕೆ ದುಡಿಯುವುದು ಬೇರೆ, ಸಂಬಳ ಕೊಡುವವನಾಗುವುದು ಬೇರೆ ಎಂದು ತಿಳಿಹೇಳಿದರಂತೆ. ಮುಂದೆ ಅವರು ವಿಮೆ ವ್ಯವಹಾರಕ್ಕೆ ಇಳಿದರು. 1995ರಲ್ಲಿ ಚಾರ್ಲ್ಸ್‌ಟನ್ ಕೌಂಟಿ ಪರಿಷತ್ತಿಗೆ, ಬಳಿಕ ರಾಜ್ಯ ಶಾಸನಸಭೆಗೆ, 2010ರಲ್ಲಿ ಅಮೆರಿಕದ ಪ್ರತಿನಿಧಿ ಸಭೆಗೆ ಆಯ್ಕೆಯಾದರು. 2013ರ ಜನವರಿಯಲ್ಲಿ ಅವರನ್ನು ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ಗೆ ನೇಮಿಸಿದ್ದು ಆಗ ರಾಜ್ಯಪಾಲರಾಗಿದ್ದ, ಪಂಜಾಬಿ ವಲಸಿಗ ಕುಟುಂಬದ ನಿಕ್ಕಿ ಹೇಲಿ. (ಅಲ್ಲಿ ರಾಜ್ಯಪಾಲ ಎಂದರೆ ನಮ್ಮ ಮುಖ್ಯಮಂತ್ರಿಯಂತೆ ಆಡಳಿತ ನಡೆಸುವ, ಜನರೇ ಆರಿಸಿದ ವ್ಯಕ್ತಿ.) 2014ರ ಚುನಾವಣೆ ಗೆದ್ದಾಗ, ಅಂತರ್ಯುದ್ಧದ ನಂತರದ ಪುನರ್ನಿರ್ಮಾಣ ಕಾಲದಿಂದೀಚೆಗೆ ದಕ್ಷಿಣದ ರಾಜ್ಯವೊಂದರಿಂದ ಸೆನೆಟ್‌ಗೆ ಚುನಾಯಿತರಾದ ಮೊದಲ ಕಪ್ಪು ವರ್ಣೀಯ ಸೆನೆಟರ್ ಅವರಾದರು.

ಈ ಬಾಳಿನ ಕತೆಯನ್ನು ಸ್ಕಾಟ್ ಪ್ರತಿ ಭಾಷಣದಲ್ಲೂ ಹೇಳುತ್ತಾರೆ. ಅವರ ಕಾನೂನುಗಳನ್ನು ಓದುವಾಗಲೂ ಅದು ಉಪಯೋಗಕ್ಕೆ ಬರುತ್ತದೆ. ತನ್ನನ್ನು ಮೇಲೆತ್ತಿದ್ದು ಸರ್ಕಾರದ ಯೋಜನೆಯಲ್ಲ, ಒಬ್ಬ ಅಂಗಡಿಯಾತ ಎಂದು ನಂಬಿದವನು ಬಡವರಿಗಾಗಿ ಕಾನೂನು ಬರೆಯಲು ಕುಳಿತರೆ ಬಡವರ ಕೈಗೆ ಹಣ ಕೊಡುವ ಯೋಚನೆ ಮಾಡುವುದಿಲ್ಲ. ಹಣ ಇರುವವರನ್ನು ಬಡವರ ಬೀದಿಗೆ ಕರೆತರುವ ಯೋಚನೆ ಮಾಡುತ್ತಾನೆ.

ದಾರಿ ತೆರಿಗೆಯದೇ ಏಕೆ?

ನಮ್ಮ ಸಂಸತ್ತಿನಲ್ಲಿ ಒಬ್ಬ ಸಾಮಾನ್ಯ ಸದಸ್ಯ ಕಾನೂನು ಮಾಡಿಸುವುದು ಹೆಚ್ಚುಕಡಿಮೆ ಅಸಾಧ್ಯ. ಸ್ವಾತಂತ್ರ್ಯಾನಂತರ ಅಂಗೀಕಾರವಾಗಿ ಕಾಯ್ದೆಯಾದ ಖಾಸಗಿ ಸದಸ್ಯರ ಮಸೂದೆಗಳು ಕೇವಲ 14, ಕೊನೆಯದು 1970ರಲ್ಲಿ. ಮಂತ್ರಿಯಾಗದ ಸದಸ್ಯನ ಕೈಯಲ್ಲಿ ಪ್ರಶ್ನೆ ಇದೆ, ಭಾಷಣ ಇದೆ, ವಿಪ್ ಹೇಳಿದಂತೆ ಒತ್ತಲು ಮತದ ಗುಂಡಿ ಇದೆ. ಅಮೆರಿಕದಲ್ಲಿ ಮಂತ್ರಿಗಳು ಸದನದಲ್ಲಿ ಕೂರುವುದೇ ಇಲ್ಲ. ಹಾಗಾಗಿ ಮಸೂದೆಗಳನ್ನು ಸದಸ್ಯರೇ ಬರೆಯುತ್ತಾರೆ, ಸಾವಿರಗಟ್ಟಲೆ ಬರೆಯುತ್ತಾರೆ, ಮತ್ತು ಅವುಗಳಲ್ಲಿ ಬಹುಪಾಲು ಸಮಿತಿಯ ಕಪಾಟಿನಲ್ಲೇ ಧೂಳು ತಿನ್ನುತ್ತವೆ.

ಸೆನೆಟ್‌ನಲ್ಲಿ ಇನ್ನೊಂದು ಅಡ್ಡಗೋಡೆ ಇದೆ. ನೂರು ಸದಸ್ಯರ ಆ ಸದನದಲ್ಲಿ ಚರ್ಚೆ ಮುಗಿಸಿ ಮತಕ್ಕೆ ಹೋಗಲು ಸಾಮಾನ್ಯವಾಗಿ 60 ಮತ ಬೇಕು, ಮತ್ತು ಯಾವ ಪಕ್ಷಕ್ಕೂ ಅಷ್ಟು ಬಲ ಸುಲಭಕ್ಕೆ ಸಿಗುವುದಿಲ್ಲ. ಇದಕ್ಕಿರುವ ಕಿಂಡಿಯೇ 'ರಿಕನ್ಸಿಲಿಯೇಶನ್' ಎಂಬ ಬಜೆಟ್ ವಿಧಾನ. ತೆರಿಗೆ ಮತ್ತು ವೆಚ್ಚಕ್ಕೆ ಸಂಬಂಧಿಸಿದ ಮಸೂದೆಯನ್ನು ಆ ದಾರಿಯಲ್ಲಿ ಸರಳ ಬಹುಮತದಿಂದ ಪಾಸು ಮಾಡಬಹುದು. ಮುಖ್ಯ ಷರತ್ತು ಇದು: ಖಜಾನೆಯ ಲೆಕ್ಕಕ್ಕೆ ತಾಗದ ಯಾವ ನಿಯಮವನ್ನೂ ಅದರೊಳಗೆ ತುರುಕುವಂತಿಲ್ಲ. ವೆಸ್ಟ್ ವರ್ಜೀನಿಯಾದ ಸೆನೆಟರ್ ರಾಬರ್ಟ್ ಬರ್ಡ್ ಹೆಸರಿನಲ್ಲಿ ಇದನ್ನು 'ಬರ್ಡ್ ನಿಯಮ' ಎನ್ನುತ್ತಾರೆ. ಹೀಗಾಗಿ ಬಡತನದ ಬಗ್ಗೆಯಾಗಲಿ, ಶಾಲೆಯ ಬಗ್ಗೆಯಾಗಲಿ ನಿಮ್ಮ ಆಲೋಚನೆ ಕಾನೂನಾಗಬೇಕಾದರೆ ಅದನ್ನು ತೆರಿಗೆಯ ವೇಷದಲ್ಲಿ ಕಳಿಸುವುದು ಜಾಣತನ. ಸ್ಕಾಟ್ ಕೈಯಾಡಿಸಿದ ಎರಡೂ ದೊಡ್ಡ ಯೋಜನೆಗಳು ಈ ಕಿಂಡಿಯ ಮೂಲಕವೇ ಹೊರಬಂದವು. ಕಿಂಡಿಯಲ್ಲಿ ನುಗ್ಗುವಾಗ ಆದ ತರಚುಗಾಯಗಳೂ ಅವುಗಳ ಮೇಲಿವೆ.

ಅವಕಾಶ ವಲಯಗಳು

ಮೊದಲನೆಯದು ಆಪರ್ಚುನಿಟಿ ಝೋನ್, ಅಂದರೆ ಅವಕಾಶ ವಲಯ. ಮೂಲ ಆಲೋಚನೆ ಸ್ಕಾಟ್ ಅವರದಲ್ಲ. ಫೇಸ್‌ಬುಕ್‌ನ ಮೊದಲ ಅಧ್ಯಕ್ಷ ಶಾನ್ ಪಾರ್ಕರ್ ಮತ್ತಿತರರು ಕಟ್ಟಿದ ಎಕನಾಮಿಕ್ ಇನ್ನೊವೇಶನ್ ಗ್ರೂಪ್ ಎಂಬ ಚಿಂತನ ಸಂಸ್ಥೆ 2015ರಲ್ಲಿ ಇದನ್ನು ಮುಂದಿಟ್ಟಿತು. ಷೇರು ಪೇಟೆ ಏರಿದಾಗ ಶ್ರೀಮಂತರ ಬಳಿ ಅಪಾರ ಲಾಭ ಕಾಗದದ ಮೇಲೆ ಕುಳಿತಿರುತ್ತದೆ. ಮಾರಿದರೆ ತೆರಿಗೆ ಕಟ್ಟಬೇಕೆಂದು ಅವರು ಮಾರುವುದಿಲ್ಲ. ಆ ಹಣವನ್ನು ಸೊರಗಿದ ಊರುಗಳಿಗೆ ತಿರುಗಿಸಿದರೆ ಹೇಗೆ? ಸ್ಕಾಟ್ ಇದನ್ನು ಹಿಡಿದುಕೊಂಡರು. ನ್ಯೂಜೆರ್ಸಿಯ ಡೆಮಾಕ್ರಟಿಕ್ ಸೆನೆಟರ್ ಕೋರಿ ಬೂಕರ್ ಜೊತೆಗೂಡಿದರು. 2017ರ ಆಗಸ್ಟ್‌ನಲ್ಲಿ ಶಾರ್ಲಟ್ಸ್‌ವಿಲ್‌ನಲ್ಲಿ ಬಿಳಿಯ ಜನಾಂಗೀಯವಾದಿಗಳ ಮೆರವಣಿಗೆ ಹಿಂಸೆಗೆ ತಿರುಗಿದಾಗ, ಎರಡೂ ಕಡೆಯವರದು ತಪ್ಪು ಎಂದು ಅಧ್ಯಕ್ಷ ಟ್ರಂಪ್ ಆಡಿದ ಮಾತನ್ನು ಸ್ಕಾಟ್ ಬಹಿರಂಗವಾಗಿ ಖಂಡಿಸಿದರು. ಆಗ ಟ್ರಂಪ್, ಸ್ಕಾಟ್ ಅವರನ್ನು ಶ್ವೇತಭವನಕ್ಕೆ ಕರೆಸಿ ತಾನೇನು ಮಾಡಬಹುದೆಂದು ಕೇಳಿದಾಗ ಸ್ಕಾಟ್ ಕ್ಷಮೆ ಕೇಳಲಿಲ್ಲ, ಈ ಮಸೂದೆಗೆ ಬೆಂಬಲ ಕೇಳಿದರು. ಡಿಸೆಂಬರ್‌ನಲ್ಲಿ ಅದು ತೆರಿಗೆ ಕಾಯ್ದೆಯ ಭಾಗವಾಯಿತು. ತಮಾಷೆಯೆಂದರೆ ಜೊತೆಗಾರ ಬೂಕರ್ ಅವರೇ ಆ ಇಡೀ ಕಾಯ್ದೆಯ ವಿರುದ್ಧ ಮತ ಹಾಕಿದರು.

ಲೆಕ್ಕ ಹೀಗಿದೆ. ಒಬ್ಬರು ಷೇರು ಮಾರಿ 10 ಲಕ್ಷ ಡಾಲರ್ ಲಾಭ ಮಾಡಿದರು ಎನ್ನೋಣ. ಮೇಲಿನ ಸ್ತರದ ಆದಾಯದವರಾದರೆ ಕೇಂದ್ರ ಸರ್ಕಾರಕ್ಕೆ 23.8 ಶೇಕಡದಂತೆ 2.38 ಲಕ್ಷ ಡಾಲರ್ ತೆರಿಗೆ ಕಟ್ಟಬೇಕು. ಬದಲಿಗೆ 180 ದಿನಗಳೊಳಗೆ ಆ ಲಾಭವನ್ನು ಅವಕಾಶ ವಲಯದ ನಿಧಿಯೊಂದರಲ್ಲಿ ಹೂಡಿದರೆ ತೆರಿಗೆ 2026ರ ಕೊನೆಯವರೆಗೆ ಮುಂದಕ್ಕೆ ಹೋಗುತ್ತದೆ. ಅಷ್ಟರಲ್ಲಿ ಐದು ವರ್ಷ ತುಂಬಿದ್ದರೆ ಮೂಲ ಲಾಭದ 10 ಶೇಕಡ, ಏಳು ವರ್ಷ ತುಂಬಿದ್ದರೆ 15 ಶೇಕಡ ತೆರಿಗೆಯಿಂದ ಹೊರಗೆ. ಅಂದರೆ 2019ರಲ್ಲಿ ಹೂಡಿದವರು ಕಟ್ಟುವುದು ಸುಮಾರು 2.02 ಲಕ್ಷ, ಅದೂ ಏಳು ವರ್ಷ ತಡವಾಗಿ. ಇದು ಚಿಲ್ಲರೆ. ನಿಜವಾದ ಬಹುಮಾನ ಬೇರೆ ಇದೆ: ಹತ್ತು ವರ್ಷ ಹಣ ಅಲ್ಲೇ ಇದ್ದು 10 ಲಕ್ಷ 25 ಲಕ್ಷವಾದರೆ, ಆ ಹೊಸ 15 ಲಕ್ಷ ಲಾಭಕ್ಕೆ ತೆರಿಗೆ ಸೊನ್ನೆ. ಬೇರೆ ಕಡೆ ಹೂಡಿದ್ದರೆ 3.57 ಲಕ್ಷ ಕಟ್ಟಬೇಕಿತ್ತು.

ಈ ಕೊನೆಯ ಸಾಲಿನಲ್ಲೇ ಯೋಜನೆಯ ಬಲವೂ ದೌರ್ಬಲ್ಯವೂ ಅಡಗಿದೆ. ಆಸ್ತಿಯ ಬೆಲೆ ಎಷ್ಟು ಏರಿದರೆ ವಿನಾಯಿತಿ ಅಷ್ಟು ದೊಡ್ಡದು. ಬೆಲೆ ಏರದಿದ್ದರೆ ಏನೂ ಇಲ್ಲ. ಹೂಡಿಕೆದಾರ ಹುಡುಕುವುದು ಅತ್ಯಂತ ಬಡ ಬಡಾವಣೆಯನ್ನಲ್ಲ. ನಕ್ಷೆಯಲ್ಲಿ ಬಡವೆಂದು ಗುರುತಾಗಿರುವ, ಆದರೆ ನಾಳೆಯೇ ಬೆಲೆ ಏರಲಿರುವ ಬಡಾವಣೆಯನ್ನು.

ಗುರುತಿಸುವಿಕೆ ಹೇಗೆ ನಡೆಯಿತೆಂದು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅಮೆರಿಕದ ಜನಗಣತಿ ಇಲಾಖೆ ದೇಶವನ್ನು ಸರಾಸರಿ ನಾಲ್ಕು ಸಾವಿರ ಜನರ ತುಂಡುಗಳಾಗಿ ವಿಂಗಡಿಸಿದೆ. ಬಡತನ 20 ಶೇಕಡಕ್ಕಿಂತ ಕಡಿಮೆ ಇಲ್ಲದ, ಅಥವಾ ಕುಟುಂಬದ ಮಧ್ಯಮ ಆದಾಯ ಸುತ್ತಲಿನ ಪ್ರದೇಶದ 80 ಶೇಕಡವನ್ನು ಮೀರದ ತುಂಡುಗಳು ಅರ್ಹ. ಅವುಗಳಲ್ಲಿ ನಾಲ್ಕನೇ ಒಂದು ಭಾಗವನ್ನು ಆಯಾ ರಾಜ್ಯಪಾಲರು ಆರಿಸಬಹುದು. ಅಕ್ಕಪಕ್ಕದ ಅಷ್ಟೇನೂ ಬಡವಲ್ಲದ ಕೆಲವು ತುಂಡುಗಳಿಗೂ ಜಾಗವಿತ್ತು. ಒಟ್ಟು 8,764 ವಲಯಗಳಾದವು. ಒರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ನಗರದ ಗಿಜಿಗುಡುವ ಕೇಂದ್ರ ಭಾಗದ ಬಹುಪಾಲು ಅವಕಾಶ ವಲಯವಾಯಿತು. ಬಾಲ್ಟಿಮೋರ್‌ನ ಪೋರ್ಟ್ ಕವಿಂಗ್ಟನ್ ಎಂಬ ಜಲತೀರದ ಪ್ರದೇಶದಲ್ಲಿ ಆಗಲೇ ದೊಡ್ಡ ರಿಯಲ್ ಎಸ್ಟೇಟ್ ಯೋಜನೆ ಸಿದ್ಧವಾಗಿತ್ತು. ನಕ್ಷೆಗಳ ಗಡಿ ಕೂದಲೆಳೆಯಷ್ಟು ಒಂದರ ಮೇಲೊಂದು ಬಿದ್ದದ್ದರಿಂದಲೇ ಅದು ಅರ್ಹತೆ ಪಡೆಯಿತು ಎಂದು 2019ರಲ್ಲಿ ಪ್ರೊಪಬ್ಲಿಕಾ ಸುದ್ದಿಸಂಸ್ಥೆ ಬಯಲು ಮಾಡಿತು.

ನಿಧಿಯ ಆಸ್ತಿಯಲ್ಲಿ 90 ಶೇಕಡ ವಲಯದೊಳಗಿರಬೇಕು, ಹಳೆಯ ಕಟ್ಟಡ ಕೊಂಡರೆ ಅದರ ಮೇಲೆ ಕೊಂಡ ಬೆಲೆಯಷ್ಟೇ ಖರ್ಚು ಮಾಡಿ ಸುಧಾರಿಸಬೇಕು ಎಂಬ ನಿಯಮಗಳಿದ್ದವು. ಸ್ಥಳೀಯರಿಗೆ ಉದ್ಯೋಗ ಕೊಡಬೇಕು, ಬಾಡಿಗೆ ಬಡವರ ಕೈಗೆಟುಕಬೇಕು ಎಂಬ ನಿಯಮ ಇರಲಿಲ್ಲ. ಎಲ್ಲಿ, ಎಷ್ಟು ಹೂಡಿಕೆಯಾಯಿತೆಂದು ವರದಿ ಮಾಡುವ ಕಟ್ಟಳೆ ಸ್ಕಾಟ್–ಬೂಕರ್ ಮೂಲ ಮಸೂದೆಯಲ್ಲಿತ್ತು. ರಿಕನ್ಸಿಲಿಯೇಶನ್ ದಾರಿಯಲ್ಲಿ ಅದು ಉದುರಿಹೋಯಿತು. ನನಗೆ ಈ ಇಡೀ ಕತೆಯಲ್ಲಿ ಹೆಚ್ಚು ಖೇದ ತರುವ ಸಂಗತಿ ಇದು. ವಿನಾಯಿತಿ ಉಳಿದು ಲೆಕ್ಕ ಕೇಳುವ ಸಾಲು ಹೋಗುವುದೆಂದರೆ, ಯೋಜನೆ ಫಲಿಸಿತೋ ಇಲ್ಲವೋ ಎಂಬ ವಾದವನ್ನು ವರ್ಷಗಟ್ಟಲೆ ಕತ್ತಲಲ್ಲಿ ನಡೆಸಬೇಕು ಎಂದೇ.

ತೆರಿಗೆ ಇಲಾಖೆಯ ಕಡತಗಳನ್ನು ನೋಡಲು ಅವಕಾಶ ಸಿಕ್ಕ ಸಂಶೋಧಕರು ಆಮೇಲೆ ಕಂಡದ್ದು: 2020ರ ಕೊನೆಗೆ ಸುಮಾರು ಅರ್ಧದಷ್ಟು ವಲಯಗಳಿಗೆ ಒಂದಿಷ್ಟಾದರೂ ಹಣ ಬಂದಿತ್ತು, ಆದರೆ ಹಣದ ಬಹುಪಾಲು ಸೇರಿದ್ದು ಬೆರಳೆಣಿಕೆಯ ಶೇಕಡದಷ್ಟು ವಲಯಗಳನ್ನು. ಹೂಡಿಕೆ ರಿಯಲ್ ಎಸ್ಟೇಟ್ ಕಡೆಗೇ ವಾಲಿತ್ತು. ವಲಯಗಳಲ್ಲಿ ಮನೆ ನಿರ್ಮಾಣ ಹೆಚ್ಚಿದೆ ಎಂಬುದಕ್ಕೆ ಸಾಕ್ಷ್ಯ ಸಿಕ್ಕಿದೆ. ಮನೆಗಳ ಕೊರತೆ ಇರುವ ದೇಶದಲ್ಲಿ ಅದನ್ನು ಕಡೆಗಣಿಸಬಾರದು. ಅಲ್ಲಿ ಮೊದಲೇ ಇದ್ದ ಬಡವರ ಆದಾಯ ಮತ್ತು ಉದ್ಯೋಗದ ಬಗ್ಗೆ ಮಾತ್ರ ಫಲಿತಾಂಶ ಮಂಕು.

ಕರ್ನಾಟಕದ ಓದುಗರಿಗೆ ಇಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ನೆನಪಾಗಬೇಕು. 2002ರ ಆ ವರದಿ 35 ಸೂಚ್ಯಂಕ ಹಿಡಿದು 175 ತಾಲ್ಲೂಕುಗಳನ್ನು ಅಳೆದು 114 ಹಿಂದುಳಿದಿವೆ ಎಂದಿತು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಅಲ್ಲಿಯೂ ನಕ್ಷೆ ಇತ್ತು, ಅಂಕಿ ಇತ್ತು. ಆದರೆ ಅತಿ ಹಿಂದುಳಿದ ತಾಲ್ಲೂಕಿಗೆ ಸರ್ಕಾರದ ಹಣದಲ್ಲಿ ಹೆಚ್ಚು ಪಾಲು ಎಂಬುದು ಸಮಿತಿಯ ತರ್ಕ. ಆ ಹಣ ಖರ್ಚಾಯಿತೇ, ಎಲ್ಲಿ ಖರ್ಚಾಯಿತು ಎಂಬ ನಮ್ಮ ಜಗಳ ಬೇರೆ. ಕನಿಷ್ಠ ಪಕ್ಷ ದೇವದುರ್ಗಕ್ಕೆ ಹಣ ಹೋಗಬೇಕೋ ಬೇಡವೋ ಎಂಬುದನ್ನು ಅಲ್ಲಿನ ನಿವೇಶನದ ಬೆಲೆ ತೀರ್ಮಾನಿಸುವುದಿಲ್ಲ.

ಶಾಲೆಯ ಆಯ್ಕೆ

ಎರಡನೆಯದು ಶಾಲೆ. ಅಮೆರಿಕದಲ್ಲಿ ಸಾರ್ವಜನಿಕ ಶಾಲೆ ಉಚಿತ. ಆದರೆ ಮಗು ಯಾವ ಶಾಲೆಗೆ ಹೋಗಬೇಕೆಂಬುದನ್ನು ಸಾಮಾನ್ಯವಾಗಿ ಮನೆಯ ವಿಳಾಸ ನಿರ್ಧರಿಸುತ್ತದೆ, ಮತ್ತು ಶಾಲೆಯ ಹಣದ ದೊಡ್ಡ ಭಾಗ ಸ್ಥಳೀಯ ಆಸ್ತಿ ತೆರಿಗೆಯಿಂದ ಬರುತ್ತದೆ. ಒಳ್ಳೆಯ ಶಾಲೆ ಬೇಕಿದ್ದರೆ ದುಬಾರಿ ಬಡಾವಣೆಯಲ್ಲಿ ಮನೆ ಕೊಳ್ಳಬೇಕು. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಮನೆ ಹುಡುಕುವ ಕನ್ನಡಿಗ ದಂಪತಿ ಅಡುಗೆಮನೆಗಿಂತ ಮೊದಲು ಶಾಲೆಯ ಅಂಕ ನೋಡುವುದು ಇದೇ ಕಾರಣಕ್ಕೆ. ಬಡವರಿಗೆ ಆ ದಾರಿ ಇಲ್ಲ. ಹಾಗಾದರೆ ಮಗುವಿನ ಪಾಲಿನ ಹಣವನ್ನು ಪೋಷಕರ ಕೈಗೇ ಕೊಟ್ಟು, ಬೇಕಾದರೆ ಖಾಸಗಿ ಶಾಲೆಗೂ ಒಯ್ಯಿರಿ ಎನ್ನಬಾರದೇಕೆ ಎಂಬ ವಾದವನ್ನು ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1955ರಲ್ಲೇ ಮಂಡಿಸಿದ್ದರು.

ಅದನ್ನು ನಗರವೊಂದರಲ್ಲಿ ಜಾರಿಗೆ ತಂದದ್ದು ಮಾತ್ರ ವಿಸ್ಕಾನ್ಸಿನ್ ಶಾಸನಸಭೆಯ ಕಪ್ಪು ವರ್ಣೀಯ ಡೆಮಾಕ್ರಟಿಕ್ ಸದಸ್ಯೆ ಪಾಲಿ ವಿಲಿಯಮ್ಸ್. 1990ರಲ್ಲಿ ರಿಪಬ್ಲಿಕನ್ ರಾಜ್ಯಪಾಲ ಟಾಮಿ ಥಾಂಪ್ಸನ್ ಜೊತೆ ಕೈಜೋಡಿಸಿ ಮಿಲ್ವಾಕಿಯ ಬಡ ಮಕ್ಕಳಿಗೆ ವೋಚರ್, ಅಂದರೆ ಖಾಸಗಿ ಶಾಲೆಯ ಶುಲ್ಕಕ್ಕೆ ಸರ್ಕಾರದ ಹಣ, ಕೊಡಿಸಿದರು. ಮೊದಲ ವರ್ಷ ಮುನ್ನೂರು ಚಿಲ್ಲರೆ ಮಕ್ಕಳು. ಮುಂದೆ ಬಡವರಲ್ಲದವರಿಗೂ ಅದನ್ನು ಹರಡಲು ಹೊರಟಾಗ ಅದೇ ವಿಲಿಯಮ್ಸ್ ಪ್ರತಿಭಟಿಸಿದರು. ಸ್ಕಾಟ್ ಈ ವಂಶಾವಳಿಯಲ್ಲಿ ಬಂದವರು. 2014ರಲ್ಲೇ ಅವರು ವಾಷಿಂಗ್ಟನ್ ನಗರದ ವೋಚರ್ ವಿಸ್ತರಿಸುವ, ಅಂಗವೈಕಲ್ಯವುಳ್ಳ ಮತ್ತು ಸೈನಿಕರ ಮಕ್ಕಳಿಗೆ ಆಯ್ಕೆ ಕೊಡುವ ಮಸೂದೆ ಮಂಡಿಸಿದ್ದರು. ಅದು ಕಾನೂನಾಗಲಿಲ್ಲ.

ಕಾನೂನಾದದ್ದು ಮತ್ತೆ ತೆರಿಗೆಯ ದಾರಿಯಲ್ಲಿ. ಲೂಸಿಯಾನದ ಸೆನೆಟರ್ ಬಿಲ್ ಕ್ಯಾಸಿಡಿ ಮುಂದಾಳತ್ವದ, ಸ್ಕಾಟ್ ಜೊತೆಗೂಡಿದ ಮಸೂದೆಯ ಒಂದು ರೂಪ 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಬೃಹತ್ ಕಾಯ್ದೆಯೊಳಗೆ ಸೇರಿತು. ವಿದ್ಯಾರ್ಥಿವೇತನ ನೀಡುವ ಸಂಸ್ಥೆಗೆ ವರ್ಷಕ್ಕೆ 1,700 ಡಾಲರ್‌ವರೆಗೆ ದಾನ ಕೊಟ್ಟರೆ, ಕೊಟ್ಟಷ್ಟೂ ಮೊತ್ತ ನಿಮ್ಮ ಕೇಂದ್ರ ತೆರಿಗೆಯಿಂದ ಕಡಿತವಾಗುತ್ತದೆ. ಭಾರತದಲ್ಲಿ 80ಜಿ ಮಾದರಿಯ ವಿನಾಯಿತಿಯಡಿ ದಾನ ಮಾಡಿದರೆ ತೆರಿಗೆಗೊಳಪಡುವ ಆದಾಯ ಕಡಿಮೆಯಾಗುತ್ತದೆ ಅಷ್ಟೆ. ಇಲ್ಲಿ ತೆರಿಗೆಯೇ ಕಡಿಮೆಯಾಗುತ್ತದೆ. ದಾನಿಗೆ ಜೇಬಿನಿಂದ ಬಿಡಿಗಾಸೂ ಹೋಗುವುದಿಲ್ಲ. ಮಕ್ಕಳ ಕುಟುಂಬದ ಆದಾಯ ಆ ಪ್ರದೇಶದ ಮಧ್ಯಮ ಆದಾಯದ ಮೂರು ಪಟ್ಟಿನವರೆಗೂ ಇರಬಹುದು. ಪಾಲಿ ವಿಲಿಯಮ್ಸ್ ಜಗಳವಾಡಿದ್ದು ಇಂಥ ಮಿತಿಯ ವಿರುದ್ಧವೇ. ಯೋಜನೆಗೆ ಸೇರಬೇಕೋ ಬೇಡವೋ ಎಂಬುದು ರಾಜ್ಯಗಳ ಇಚ್ಛೆ.

ಸರ್ಕಾರವೇ ನೇರವಾಗಿ ವೋಚರ್ ಕೊಡದೆ ಈ ಸುತ್ತುದಾರಿ ಏಕೆ? ಉತ್ತರ ಸ್ಕಾಟ್ ಅವರ ಸ್ವಂತ ರಾಜ್ಯದಲ್ಲೇ ಇದೆ. ಸಾರ್ವಜನಿಕ ಹಣ ಖಾಸಗಿ ಶಾಲೆಗೆ ನೇರ ಪ್ರಯೋಜನವಾಗಿ ಸಲ್ಲಬಾರದು ಎಂದು ಸೌತ್ ಕ್ಯಾರೊಲಿನಾ ಸಂವಿಧಾನ ಹೇಳುತ್ತದೆ. 2023ರಲ್ಲಿ ರಾಜ್ಯ ತಂದ 6,000 ಡಾಲರ್ ವಿದ್ಯಾರ್ಥಿವೇತನದ ಬೋಧನಾ ಶುಲ್ಕದ ಭಾಗವನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2024ರ ಸೆಪ್ಟೆಂಬರ್‌ನಲ್ಲಿ 3–2 ಮತಗಳಿಂದ ರದ್ದು ಮಾಡಿತು. ಆದರೆ ದಾನಿ ಖಜಾನೆಗೆ ಕಟ್ಟುವ ಮೊದಲೇ ಬೇರೆಡೆಗೆ ಕಳಿಸಿದ ಹಣ ಸರ್ಕಾರದ ಹಣವೇ ಅಲ್ಲ ಎಂದು ಅರಿಜೋನಾದ ಪ್ರಕರಣವೊಂದರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 2011ರಲ್ಲಿ 5–4ರಿಂದ ಹೇಳಿತ್ತು. ಖಜಾನೆಗೆ ಬಂದು ಹೊರಟರೂ, ಬರದೆಯೇ ಹೊರಟರೂ ಸರ್ಕಾರಕ್ಕೆ ನಷ್ಟ ಅಷ್ಟೇ. ಕಾನೂನಿನ ಕಣ್ಣಿಗೆ ಮಾತ್ರ ಎರಡೂ ಬೇರೆ.

ಮಕ್ಕಳು ಹೆಚ್ಚು ಕಲಿತರೇ? ವಾಷಿಂಗ್ಟನ್‌ನಲ್ಲಿ 2004ರಲ್ಲಿ ಆರಂಭವಾದ ವೋಚರ್‌ಗೆ ಚೀಟಿ ಎತ್ತಿ ಮಕ್ಕಳನ್ನು ಆರಿಸಿದ್ದರಿಂದ ಹೋಲಿಕೆ ಸುಲಭವಾಯಿತು. ಮೊದಲ ಅಧ್ಯಯನದಲ್ಲಿ ವೋಚರ್ ಸಿಕ್ಕವರಲ್ಲಿ 82 ಶೇಕಡ, ಸಿಗದವರಲ್ಲಿ 70 ಶೇಕಡ ಹೈಸ್ಕೂಲು ಮುಗಿಸಿದರು. ನಂತರದ ತಂಡದ ಅಧ್ಯಯನದಲ್ಲಿ ಮೊದಲ ವರ್ಷಗಳಲ್ಲಿ ಗಣಿತದ ಅಂಕ ಕುಸಿದು, ಮೂರನೇ ವರ್ಷಕ್ಕೆ ವ್ಯತ್ಯಾಸ ಅಳಿಸಿತು. ಲೂಸಿಯಾನದಲ್ಲಿ ಗಣಿತದ ಕುಸಿತ ತೀವ್ರವಾಗಿತ್ತು. ಮಕ್ಕಳಿಲ್ಲದೆ ಬಣಗುಡುತ್ತಿದ್ದ ಶಾಲೆಗಳೇ ವೋಚರ್‌ಗೆ ಮುಂದೆ ಬಂದದ್ದು ಒಂದು ಕಾರಣವಿರಬಹುದು. ಆಯ್ಕೆ ಪೋಷಕರದು ಎನ್ನುತ್ತಾರೆ, ಆದರೆ ಯಾರನ್ನು ಸೇರಿಸಿಕೊಳ್ಳಬೇಕೆಂಬ ಆಯ್ಕೆ ಶಾಲೆಯ ಕೈಯಲ್ಲೇ ಉಳಿದಿರುತ್ತದೆ.

ಈ ವಿಷಯದಲ್ಲಿ ನಮ್ಮ ಶಿಕ್ಷಣ ಹಕ್ಕು ಕಾಯ್ದೆ ಹೆಚ್ಚು ಗಟ್ಟಿ. ಅದರ 12(1)(ಸಿ) ಸೆಕ್ಷನ್ ಖಾಸಗಿ ಶಾಲೆಯನ್ನು ಕೇಳುವುದಿಲ್ಲ, ಪ್ರವೇಶ ಹಂತದ 25 ಶೇಕಡ ಸೀಟು ಕೊಡು ಎಂದು ಆಜ್ಞಾಪಿಸುತ್ತದೆ. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಈ ಹೊರೆ ಬೇಡ ಎಂದು 2019ರಲ್ಲಿ ಕರ್ನಾಟಕ ನಿಯಮ ಬದಲಿಸಿದ ಮೇಲೆ ಇಲ್ಲಿನ ಸೀಟುಗಳ ಸಂಖ್ಯೆ ಪಾತಾಳಕ್ಕಿಳಿಯಿತು. ಸರ್ಕಾರಿ ಶಾಲೆ ಬರಿದಾಗುತ್ತದೆ ಎಂಬ ಭಯ ಬೆಂಗಳೂರಿನಲ್ಲೂ ಚಾರ್ಲ್ಸ್‌ಟನ್‌ನಲ್ಲೂ ಒಂದೇ ಮಾತಿನಲ್ಲಿ ಕೇಳಿಬರುತ್ತದೆ.

ಆರೋಗ್ಯದಲ್ಲಿ ಎಡವುವುದು

ಮೂರನೆಯದಕ್ಕೆ ಬಂದರೆ ಸ್ಕಾಟ್ ಅವರ ಸೂತ್ರ ಸಡಿಲಗೊಳ್ಳುತ್ತದೆ. ಕಾಯಿಲೆ ಬಿದ್ದವರಲ್ಲಿ ಹೂಡಿಕೆ ಮಾಡಿ ಹತ್ತು ವರ್ಷಕ್ಕೆ ಲಾಭ ತೆಗೆಯಲು ಬರುವುದಿಲ್ಲ.

ಅವರು ಮಾಡಿದ ಅತ್ಯಂತ ಒಳ್ಳೆಯ ಆರೋಗ್ಯದ ಕೆಲಸ ತೀರಾ ಹಳೆಯ ಮಾದರಿಯದು: 2018ರ ಡಿಸೆಂಬರ್‌ನಲ್ಲಿ ಬೂಕರ್ ಜೊತೆ ಸೇರಿ ಕಾನೂನು ಮಾಡಿಸಿದ ಸಿಕಲ್ ಸೆಲ್ ಕಾಯ್ದೆ. ರೋಗದ ದತ್ತಾಂಶ ಸಂಗ್ರಹಿಸಲು, ಚಿಕಿತ್ಸಾ ಕೇಂದ್ರಗಳಿಗೆ ನೆರವಾಗಲು ಸರ್ಕಾರವೇ ಅನುದಾನ ಕೊಡುವ ವ್ಯವಸ್ಥೆ ಅದು. ಕೆಂಪು ರಕ್ತಕಣ ಕುಡಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುವ ಈ ಆನುವಂಶಿಕ ಕಾಯಿಲೆ ಅಮೆರಿಕದಲ್ಲಿ ಸುಮಾರು ಒಂದು ಲಕ್ಷ ಜನರಿಗಿದೆ, ಬಹುಪಾಲು ಕಪ್ಪು ವರ್ಣೀಯರಿಗೆ. ಆ ಸಮುದಾಯದಲ್ಲಿ ಹುಟ್ಟುವ ಪ್ರತಿ 365 ಶಿಶುಗಳಲ್ಲಿ ಒಂದಕ್ಕೆ. ಇದು ನಮಗೂ ದೂರದ ಕಾಯಿಲೆಯಲ್ಲ. ಭಾರತದಲ್ಲಿ ಇದು ಮೊದಲು ವರದಿಯಾದದ್ದು 1952ರಲ್ಲಿ, ನಮ್ಮ ಗಡಿಗೆ ಅಂಟಿದ ನೀಲಗಿರಿ ಬೆಟ್ಟಗಳ ಬುಡಕಟ್ಟು ಜನರಲ್ಲಿ. ಜೇನುಕುರುಬ, ಯರವ ಸಮುದಾಯಗಳಲ್ಲೂ ಈ ವಂಶವಾಹಿ ಕಂಡಿದೆ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ನಿರ್ಮೂಲನಾ ಅಭಿಯಾನದ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಇದೆ.

2023ರ ಡಿಸೆಂಬರ್‌ನಲ್ಲಿ ಅಮೆರಿಕ ಈ ರೋಗಕ್ಕೆ ಎರಡು ಜೀನ್ ಚಿಕಿತ್ಸೆಗಳಿಗೆ ಅನುಮತಿ ಕೊಟ್ಟಿತು. ಒಂದರ ಬೆಲೆ 22 ಲಕ್ಷ ಡಾಲರ್, ಇನ್ನೊಂದರದು 31 ಲಕ್ಷ. ಇದನ್ನು ಭರಿಸುವವರು ಯಾರು? ಅಮೆರಿಕದ ಸಿಕಲ್ ಸೆಲ್ ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಇರುವುದು ಮೆಡಿಕೇಡ್‌ನಲ್ಲಿ, ಅಂದರೆ ಬಡವರಿಗಾಗಿ ಕೇಂದ್ರ ಮತ್ತು ರಾಜ್ಯಗಳು ಸೇರಿ ನಡೆಸುವ ವಿಮೆಯಲ್ಲಿ. ಒಬಾಮಾ ಕಾಲದ 2010ರ ಆರೋಗ್ಯ ಕಾಯ್ದೆ ಅದನ್ನು ವಿಸ್ತರಿಸಲು ರಾಜ್ಯಗಳಿಗೆ ಹಣ ಕೊಟ್ಟರೂ ಸೌತ್ ಕ್ಯಾರೊಲಿನಾ ವಿಸ್ತರಿಸಿಲ್ಲ. ಆ ಕಾಯ್ದೆಯನ್ನು ಕಿತ್ತುಹಾಕಲು 2017ರಲ್ಲಿ ನಡೆದ ಪ್ರಯತ್ನಕ್ಕೆ ಸ್ಕಾಟ್ ಮತ ಕೊಟ್ಟರು; ಅವರದೇ ಪಕ್ಷದ ಸೆನೆಟರ್ ಜಾನ್ ಮೆಕೇನ್ ವಿರುದ್ಧವಾಗಿ ಮತ ಹಾಕಿ ಆ ಪ್ರಯತ್ನವನ್ನು ಕೆಡವಿದರು. ಅವಕಾಶ ವಲಯಗಳನ್ನು ತಂದ ಅದೇ ತೆರಿಗೆ ಕಾಯ್ದೆ, ವಿಮೆ ಮಾಡಿಸದವರಿಗಿದ್ದ ದಂಡವನ್ನು ಸೊನ್ನೆಗಿಳಿಸಿತು.

ಅವರ ಪಕ್ಷ ಮುಂದಿಡುವ ಪರ್ಯಾಯಗಳಲ್ಲಿ ಮುಖ್ಯವಾದದ್ದು ಆರೋಗ್ಯ ಉಳಿತಾಯ ಖಾತೆ. ತೆರಿಗೆಗೆ ಮುನ್ನ ಹಣ ಕೂಡಿಟ್ಟು ಚಿಕಿತ್ಸೆಗೆ ಬಳಸುವ ಈ ವ್ಯವಸ್ಥೆ ಸಂಬಳ ಚೆನ್ನಾಗಿರುವ ಎಂಜಿನಿಯರ್‌ಗೆ ಬಹಳ ಒಳ್ಳೆಯದು. ಆದಾಯ ತೆರಿಗೆಯೇ ಬೀಳದಷ್ಟು ಕಡಿಮೆ ಗಳಿಸುವ ಶುಶ್ರೂಷಾ ಸಹಾಯಕಿಗೆ ತೆರಿಗೆ ವಿನಾಯಿತಿ ಕೊಟ್ಟರೆ ಕೊಟ್ಟಂತಾಗುವುದು ಏನು? ಸ್ಕಾಟ್ ಅವರ ತಾಯಿಯ ವೃತ್ತಿಯಲ್ಲಿರುವವರ ಬಗ್ಗೆಯೇ ಕೇಳುತ್ತಿದ್ದೇನೆ.

2025ರ ಕಾಯ್ದೆ ಸೆನೆಟ್‌ನಲ್ಲಿ 50–50 ಆಗಿ ಉಪಾಧ್ಯಕ್ಷ ವ್ಯಾನ್ಸ್ ಅವರ ಒಂದು ಮತದಿಂದ ಪಾಸಾಯಿತು. ಸ್ಕಾಟ್ ಪರವಾಗಿ ಮತ ಹಾಕಿದರು. ಅವಕಾಶ ವಲಯಗಳು ಅದರಿಂದ ಕಾಯಂ ಆದವು, ಶಾಲಾ ದಾನದ ಕಡಿತ ಬಂತು, ಜೊತೆಗೆ ಹತ್ತು ವರ್ಷಗಳಲ್ಲಿ ಮೆಡಿಕೇಡ್‌ಗೆ ಕೇಂದ್ರ ಕೊಡುವ ಹಣದಲ್ಲಿ ಸುಮಾರು 900 ಶತಕೋಟಿ ಡಾಲರ್ ಕಡಿಮೆಯಾಯಿತು. ಇಡೀ ಕಾಯ್ದೆಯಿಂದ 2034ರ ಹೊತ್ತಿಗೆ ವಿಮೆ ಇಲ್ಲದವರು ಒಂದು ಕೋಟಿಯಷ್ಟು ಹೆಚ್ಚುತ್ತಾರೆ ಎಂದು ಸಂಸತ್ತಿನ ಬಜೆಟ್ ಕಚೇರಿ ಅಂದಾಜಿಸಿತು.

ಈ ಕಾಯ್ದೆಯ ಮುಖ್ಯ ಗಡುವುಗಳು 2027ರ ಜನವರಿ 1ಕ್ಕೆ ಬಂದು ಸೇರುತ್ತವೆ. ಹೊಸ ಸುತ್ತಿನ ವಲಯಗಳು ಅಂದು ಜಾರಿಗೆ ಬರುತ್ತವೆ. ಈ ಬಾರಿ ಆದಾಯದ ಮಿತಿ 80ರ ಬದಲು 70 ಶೇಕಡ, ನೆರೆಯ ತುಂಡುಗಳನ್ನು ಸೇರಿಸುವ ಸವಲತ್ತು ರದ್ದು, ಗ್ರಾಮೀಣ ನಿಧಿಗಳಿಗೆ ಮೂಲ ಲಾಭದಲ್ಲಿ 30 ಶೇಕಡ ರಿಯಾಯಿತಿ. ಶಾಲಾ ದಾನದ ಕಡಿತವೂ ಅಂದೇ ಶುರು. ಮೆಡಿಕೇಡ್ ವಿಸ್ತರಿಸಿದ ರಾಜ್ಯಗಳ ದುಡಿಯುವ ವಯಸ್ಸಿನವರು ತಿಂಗಳಿಗೆ 80 ಗಂಟೆ ಕೆಲಸ ಅಥವಾ ತತ್ಸಮಾನ ಚಟುವಟಿಕೆ ತೋರಿಸಬೇಕೆಂಬ ನಿಯಮಕ್ಕೂ ಅದೇ ಗಡುವು. ಮತ್ತು 2017ರಲ್ಲಿ ಉದುರಿಹೋಗಿದ್ದ ವರದಿಯ ಕಟ್ಟಳೆ ಈ ಬಾರಿ ಕಾಯ್ದೆಯ ಒಳಗೇ ಇದೆ: ನಿಧಿಗಳು ತಮ್ಮ ಹೂಡಿಕೆ ಯಾವ ವಲಯದಲ್ಲಿದೆ, ಎಷ್ಟು ಮನೆ, ಎಷ್ಟು ಉದ್ಯೋಗ ಎಂದು ತೆರಿಗೆ ಇಲಾಖೆಗೆ ಹೇಳಬೇಕು, ಹೇಳದಿದ್ದರೆ ದಂಡ ಕಟ್ಟಬೇಕು.